ಹನ್ನೊಂದನೇ ಜೋಡಿ

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಸಮಸ್ತ ನಾಗರಿಕರ ಗಮನಕ್ಕೆ ಈ ಮೂಲಕ ತರುವುದೇನೆಂದರೆ, ಬೈರಿದೇವರಕೊಪ್ಪದ ನಿವಾಸಿ, ಚಶ್ಮಾ ಅಂಗಡಿಯ ಮಾಲೀಕ ಶ್ರೀ ಶಂಭುಲಿಂಗ ಅವರು ನವೆಂಬರ್ ತಿಂಗಳ ಮೊದಲನೇ ಸೋಮವಾರ ಒಂದು ಜೊತೆ ಬೂಟು ಕೊಂಡಿರುತ್ತಾರೆ. ಬಣ್ಣ ಬೂದು. ಅಡಿಯಲ್ಲಿ ಹಲ್ಲುಗಳಿವೆ. ಆಕ್ಷೇಪಣೆ ಇದ್ದವರು ಹದಿನೈದು ದಿನಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು.

ಆಕ್ಷೇಪಣೆ ಯಾರೂ ಸಲ್ಲಿಸಲಿಲ್ಲ. ಯಾಕೆಂದರೆ ಯಾರಿಗೂ ಗೊತ್ತೇ ಆಗಲಿಲ್ಲ. ಶಂಭುಲಿಂಗ ಬೂಟು ತಂದರೂ ಒಂದೇ, ಆನೆ ತಂದರೂ ಒಂದೇ. ಏನು ತಂದೆ ಎಂದು ಕೇಳುವವರಿಲ್ಲದ ಮನೆ. ಅವಳಿ ನಗರದಲ್ಲಿ ಹುಟ್ಟಿ ಬೆಳೆದು, ಮೂವತ್ತು ವರ್ಷ ಮಂದಿಯ ಮೂಗಿನ ಮೇಲೆ ಜೋಡುಗಾಜು ಕೂರಿಸಿ, ತಾನು ಮಾತ್ರ ಬಿಡಿಗಾಜಿನಂತೆ ಉಳಿದವನು ಅವನು. ಹೆಣ್ಣು ನೋಡಬೇಕಾದ ಕಾಲದಲ್ಲಿ ಅಂಗಡಿ ನೋಡಿದ. ಅಂಗಡಿ ನೆಲೆ ನಿಂತಾಗ ಹೆಣ್ಣಿನ ಕಡೆಯವರು ಅವನ ವಯಸ್ಸು ನೋಡಿದರು.

ವಯಸ್ಸಿನ ಮಾತು ಬಂತು, ಹೇಳಿಬಿಡುತ್ತೇನೆ. ಶಂಭುಲಿಂಗನಿಗೆ ಅವು ಎರಡಿದ್ದವು.

ಒಂದು ಅವ್ವ ಸಂಗವ್ವ ಕೊಟ್ಟದ್ದು. ದಸರೆಯ ಬನ್ನಿ ಹಬ್ಬದ ಮರುದಿನ, ಬನ್ನಿ ಎಲೆಯ ಬಂಗಾರ ಕೊಡಲು ಬಂದವರ ಗದ್ದಲದ ನಡುವೆ ಅವನು ಹುಟ್ಟಿದ್ದ. ಇನ್ನೊಂದು ಸಾಲಿ ಮಾಸ್ತರು ಕೊಟ್ಟದ್ದು. ಆಗೆಲ್ಲ ಹುಡುಗನ ಬಲಗೈ ನೆತ್ತಿಯ ಮೇಲಿಂದ ಹಾಯ್ದು ಎಡಗಿವಿ ಮುಟ್ಟಿದರೆ ಆರು ತುಂಬಿತೆಂದು ಲೆಕ್ಕ. ಶಂಭುಲಿಂಗನಿಗೆ ಆಗ ನಾಲ್ಕು ವರ್ಷ ಎಂಟು ತಿಂಗಳು. ಆದರೆ ಕೈ ಉದ್ದ. ಅದು ಕಿವಿ ಮುಟ್ಟುವುದಿರಲಿ, ಕಿವಿಯ ಹಾಲೆ ಹಿಡಿದು ಜಗ್ಗಿತು. ಮಾಸ್ತರು ಎಲ್ಲರಿಗೂ ಬರೆದಂತೆ ಇವನಿಗೂ ಜೂನ್ ಒಂದು ಎಂದು ಬರೆದು, ಆರು ತುಂಬಿಸಿದರು. ಆ ವರ್ಷ ಒಂದನೇ ಇಯತ್ತೆಗೆ ಸೇರಿದ ನಲವತ್ತೊಂದು ಮಕ್ಕಳಲ್ಲಿ ಮೂವತ್ತೆಂಟು ಜೂನ್ ಒಂದರಂದೇ ಹುಟ್ಟಿದ್ದವು. ಅಂದು ಊರಿನ ಸೂಲಗಿತ್ತಿಗೆ ಊಟಕ್ಕೆ ಬಿಡುವು ಸಿಕ್ಕಿತೋ ಇಲ್ಲವೋ, ದಾಖಲೆಯಿಲ್ಲ.

ಹೀಗಾಗಿ ಕಾಗದದ ಶಂಭುಲಿಂಗ ಖರೇ ಶಂಭುಲಿಂಗನಿಗಿಂತ ಹದಿನಾರು ತಿಂಗಳು ಹಿರಿಯ. ಪ್ರತಿ ಜೂನ್ ಒಂದಕ್ಕೆ ಕಾಗದದವನಿಗೆ ಬ್ಯಾಂಕು, ಮೊಬೈಲ್ ಕಂಪನಿ, ಹಲ್ಲಿನ ದವಾಖಾನೆ ತಪ್ಪದೆ ಶುಭಾಶಯ ಕಳಿಸುತ್ತಿದ್ದವು. ಖರೇದವನ ಹುಟ್ಟುಹಬ್ಬ ಸಂಗವ್ವನ ಜೊತೆಗೇ ತೀರಿಹೋಗಿತ್ತು.

ಬೂಟಿಗೆ ಬರೋಣ. ಬೈರಿದೇವರಕೊಪ್ಪದಲ್ಲಿ ವಾಣಿಶ್ರೀ ಎಂಬ ವಕೀಲೆ ಒಂದು ಚಾರಣ ಬಳಗ ಕಟ್ಟಿದ್ದಳು. ಡಿಸೆಂಬರಿನಲ್ಲಿ ಐದು ದಿನದ ಕಡಲ ನಡಿಗೆ: ಗೋಕರ್ಣದಿಂದ ಹೊನ್ನಾವರದಾಚೆಯ ಅಪ್ಸರಕೊಂಡದವರೆಗೆ ದಂಡೆಗುಂಟ ನಡೆಯುವುದು, ದಾರಿಯ ಏಳು ನೋಟದ ಜಾಗ ನೋಡುವುದು. ಚಶ್ಮಾದ ನಂಬರ್ ತೋರಿಸಲು ಬಂದವಳು ಅಂಗಡಿಯ ಗಾಜಿಗೆ ಅದರ ಚೀಟಿ ಅಂಟಿಸಿ ಹೋಗಿದ್ದಳು. ಶಂಭುಲಿಂಗ ಸುಮ್ಮನೆ ಮೀಟಿಂಗಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತ. ಅಲ್ಲಿ ವಾಣಿಶ್ರೀ ಜೋಡಿ ನಿಯಮ ಓದಿದಳು.

"ಇಪ್ಪತ್ತೆರಡ ಮಂದಿ, ಹನ್ನೊಂದ ಜೋಡಿ. ಮುಂಜಾನೆ ಎದ್ದ ಕೂಡ್ಲೆ ನಿಮ್ಮ ಜೋಡೀದವ್ರ ಹೆಸರ ಹಿಡದ ಕರೀಬೇಕು. ಅವ್ರು 'ಓ' ಅಂದ್ರನ ಮುಂದಿನ ಹೆಜ್ಜಿ. ಸಂಜೀಕೂ ಹಂಗ. 'ಓ' ಬರಲಿಲ್ಲಂದ್ರ ಒಬ್ರೂ ಅಲ್ಲಾಡಂಗಿಲ್ಲ, ಇಡೀ ಬಳಗ ನಿಂತು ಹುಡಕೋದು. ತಿಳೀತಿಲ್ಲೋ?"

ಉಳಿದವರಿಗೆ ತಿಳಿಯಿತು. ಶಂಭುಲಿಂಗನಿಗೆ ನಾಟಿತು. ಅವನು ಕಳೆದುಹೋದರೆ ಇಪ್ಪತ್ತೊಂದು ಮಂದಿ ನಿಲ್ಲುತ್ತಾರೆ! ಸ್ನಾನದ ಮನೆಯಲ್ಲಿ ಜಾರಿ ಬಿದ್ದರೆ ಹಾಲಿನವನಿಗೆ ಗೊತ್ತಾಗಲು ಎರಡು ದಿನ ಬೇಕು ಎಂದು ಲೆಕ್ಕ ಹಾಕಿ ಇಟ್ಟುಕೊಂಡವನು ಅವನು. ಫಾರ್ಮ್ ತಗೊಂಡು ಅಂಗಡಿಗೆ ಓಡಿದ.

ವಯಸ್ಸಿನ ಕಾಲಮ್ಮಿಗೆ ಬಂದು ಪೆನ್ನು ನಿಂತಿತು. ಗಾಜು ಅರೆಯುವ ಹಫೀಜನನ್ನು ಕೇಳಿದ. ಹಫೀಜ ಇಪ್ಪತ್ತು ವರ್ಷದಿಂದ ಆ ಅಂಗಡಿಯವನು. ಸಂಜೆ ಆರಕ್ಕೆ ಸರಿಯಾಗಿ ತನ್ನ ಹನ್ನೊಂದು ಮಂದಿಯ ಮನೆಗೆ ಹೊರಟುಬಿಡುವವನು.

"ಯಾವ ವಯಸ್ಸ ಬರೀಲೋ?"

"ಇದೇನ್ ಸರ್ಕಾರಿ ಆಫೀಸೇನ್ರಿ ಮಾಲಕ? ನಡಿಯೋ ಮಂದಿ. ಖರೇದ್ದ ಬರೀರಿ."

ಐವತ್ತೊಂಬತ್ತು ಎಂದು ಬರೆದ. ಆಯುಷ್ಯದಲ್ಲಿ ಮೊದಲ ಬಾರಿ ಒಂದು ಫಾರ್ಮಿಗೆ ಅವ್ವನ ಲೆಕ್ಕ ಹೇಳಿದ.

ಅವನಿಗೆ ಸಿಕ್ಕಿದ್ದು ಹನ್ನೊಂದನೇ ಜೋಡಿ. ಜೊತೆಗಾರ ಮಿಲಿಂದ, ಇಪ್ಪತ್ತೇಳರ ಹುಡುಗ, ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ದಪ್ಪ ಗಾಜಿನ ಚಶ್ಮಾ. ನೋಡಿದ ಕೂಡಲೇ ಶಂಭುಲಿಂಗ ನಂಬರ್ ಹೇಳಿಬಿಟ್ಟ, ಹುಡುಗ ಬೆರಗಾದ.

"ಕಾಕಾ, ಒಂದ ಮಾತು, ಯಾರಿಗೂ ಹೇಳಬ್ಯಾಡ್ರಿ. ನಾ ಸಮುದ್ರ ನೋಡೇ ಇಲ್ಲ. ಧಾರವಾಡದಾಗಿದ್ದು ಸಮುದ್ರ ನೋಡಿಲ್ಲಂದ್ರ ಮಂದಿ ನಗತಾರ."

ಶಂಭುಲಿಂಗ ಕೂಡ ನೋಡಿರಲಿಲ್ಲ. ಆದರೆ ಹುಡುಗ ಕಾಕಾ ಎಂದ ಬಿಸಿಯಲ್ಲಿ ಬಾಯಿ ಜಾರಿತು. "ಹೆದರಬ್ಯಾಡೋ. ನಾ ಹತ್ತ ಸಲ ನೋಡೇನಿ. ಏಳೂ ಜಾಗಾ ನಾನ ತೋರಸ್ತೇನಿ, ಬಾ."

ಮನೆಗೆ ಬಂದ ಮೇಲೆ ಬೆವರು ಬಂತು. ಹುಡುಗ ಜೋಡಿಯಾದ ಮೊದಲ ದಿನವೇ ಸುಳ್ಳು. ಅದನ್ನು ಖರೇ ಮಾಡಲು ಒಂದೇ ದಾರಿ. ಮರುದಿನವೇ ಬೂಟು ಕೊಂಡ, ಒಂದು ನೋಟುಬುಕ್ಕೂ ಕೊಂಡ. ಹಫೀಜನ ಕೈಗೆ ಬೀಗದ ಕೈ ಕೊಟ್ಟು ಕುಮಟಾ ಬಸ್ಸು ಹತ್ತಿದ. ನಡಿಗೆಗೆ ಮೊದಲೇ, ಒಬ್ಬನೇ, ಮೂರು ದಿನ.

ಓಂ ತೀರದ ಮೇಲಿನ ಗುಡ್ಡ ಅವನ ಮೊದಲ ಜಾಗ. ಕೆಳಗಿನ ಮರಳಿನಲ್ಲಿ ನಿಂತವರಿಗೆ ಓಂ ಕಾಣುವುದಿಲ್ಲ. ಮೇಲೆ ಬಂದವರಿಗೆ ಮಾತ್ರ ಕಡಲು ಎರಡು ಸುತ್ತು ಬಾಗಿ ತನ್ನ ಸಹಿ ತೋರಿಸುತ್ತದೆ. ಅಷ್ಟು ನೀರನ್ನು ಅವನು ಕಂಡಿರಲಿಲ್ಲ. ಕಂಡ ತಕ್ಷಣ ಬಾಯಿಂದ "ಅಲ್ನೋಡೋ!" ಎಂದು ಹೊರಬಿತ್ತು. ಪಕ್ಕದಲ್ಲಿದ್ದ ನಾಯಿ ನೋಡಿತು. ಬಿಸ್ಕೀಟು ಕಾಣದೆ ಮುಖ ತಿರುಗಿಸಿ ಮಲಗಿತು.

ಆಮೇಲೆ ಅವನಿಗೆ ಕೆಲಸ ಸಿಕ್ಕಿತು. "ಅಂಕಲ್, ಒಂದ್ ಫೋಟೋ ತೆಗೀರಿ." ಕೈ ಉದ್ದವಲ್ಲವೇ, ಎತ್ತಿ ಹಿಡಿದರೆ ಅಜ್ಜಿಯಿಂದ ಕೂಸಿನವರೆಗೆ ಇಡೀ ಕುಟುಂಬ ಚೌಕಟ್ಟಿನಲ್ಲಿ ಕೂರುತ್ತಿತ್ತು. ಮೂರು ದಿನದಲ್ಲಿ ಹತ್ತೊಂಬತ್ತು ಕುಟುಂಬಗಳನ್ನು ಕಡಲಿನ ಮುಂದೆ ನಿಲ್ಲಿಸಿದ. ಅವರೆಲ್ಲ ಫೋಟೋ ನೋಡಿ "ಭಾರಿ ಬಂದೈತಿ" ಎಂದು ಫೋನು ಇಸಿದುಕೊಂಡು ಹೋದರು. ಯಾವ ಫೋಟೋದಲ್ಲೂ ಅವನಿರಲಿಲ್ಲ. ಬೆಳಗಿನವುಗಳಲ್ಲಿ ಅವನ ನೆರಳು ಮಾತ್ರ ಇತ್ತು.

ತದಡಿಯಲ್ಲಿ ದೋಣಿ ಹತ್ತಿ ಅಘನಾಶಿನಿ ದಾಟಿದ. ನದಿಯ ನೀರು ಕಡಲಿನ ನೀರಿಗೆ ಸೇರುವಲ್ಲಿ ಒಂದು ಗೆರೆ ಕಾಣುತ್ತದೆ, ದೂರಕ್ಕೂ ಓದಲಿಕ್ಕೂ ಆಗುವ ಜೋಡುನಂಬರಿನ ಗಾಜಿನ ಗೆರೆಯಂತೆ: ಆಚೆಗೊಂದು ಬಣ್ಣ, ಈಚೆಗೊಂದು. ಬುಕ್ಕಿನಲ್ಲಿ ಬರೆದುಕೊಂಡ: "ಎರಡು. ದೋಣಿಯ ಎಡಗಡೆ ಕೂಡಬೇಕು. ಮಿಲಿಂದನಿಗೆ ಗೆರೆ ತೋರಿಸುವುದು." ಬಾಡದ ಕಡೆ ಕೆಂಪು ಜಂಬಿಟ್ಟಿಗೆಯ ಗುಡ್ಡ ಹತ್ತಿ ಇಳಿದು, ಹೆಸರಿಲ್ಲದ ಒಂದು ಕರಿಬಂಡೆಯ ಬಳಿ ಅರ್ಧ ದಿನ ಕೂತ. ಬಂಡೆಯಲ್ಲೊಂದು ಬಿರುಕು, ತೆರೆ ಬಡಿದು ಸುಮ್ಮನಾದ ಮೇಲೆ ಅದರೊಳಗಿಂದ ನೀರು ಆಳೆತ್ತರ ಹಾರುತ್ತದೆ. "ಮೂರು. ತೆರೆ ಬಡಿದ ಮೇಲೆ ಆರು ಎಣಿಸಬೇಕು. ಏಳಕ್ಕೆ ಹಾರುತ್ತದೆ. ಹುಡುಗನ ಚಶ್ಮಾ ಮೊದಲೇ ತೆಗೆಸುವುದು. ಉಪ್ಪುನೀರು ಗಾಜಿಗೆ ಕಲೆ." ಎಣಿಸುವಾಗ ಗಟ್ಟಿಯಾಗಿ ಎಣಿಸಿದ. ಕೇಳಿಸಿಕೊಳ್ಳುವವರು ಇಲ್ಲದಿದ್ದರೆ ಗಟ್ಟಿಯಾಗಿ ಎಣಿಸಲು ಸಂಕೋಚವೂ ಇಲ್ಲ.

ವನ್ನಳ್ಳಿ, ಧಾರೇಶ್ವರ ಮುಗಿಸಿ, ಆರನೆಯದನ್ನೂ ಬರೆದು, ಮೂರನೇ ಸಂಜೆ ಅಪ್ಸರಕೊಂಡಕ್ಕೆ ಬಂದ. ಏಳನೆಯದು, ಎಲ್ಲಕ್ಕೂ ಛಲೋದು ಎಂದು ವಾಣಿಶ್ರೀಯ ಚೀಟಿಯಲ್ಲಿ ಅಚ್ಚಾಗಿತ್ತು. ದಾರಿ ಗುಡ್ಡದ ಮೇಲೆ ಹೋಗುತ್ತಿತ್ತು. ಮುಂದೆ ಅಂಚಿಗೆ ತಡೆಯಾಗಿ ಕಟಾಂಜನ, ಕಟಾಂಜನದ ಆಚೆ ಬರೀ ಬೆಳಕು. ಯಾರೋ "ಅಬ್ಬಾ" ಎಂದರು. ಇನ್ನಾರೋ "ಲಗೂ ಬಾರೋ, ಮುಳಗ್ತದ" ಎಂದು ಕೂಗಿದರು. ಹತ್ತು ಹೆಜ್ಜೆ ಬಾಕಿ.

ಶಂಭುಲಿಂಗ ನಿಂತ. ಆರು ಜಾಗ ನೋಡಿದ್ದ, ಆರನ್ನೂ ನಾಯಿಗೆ, ಬಂಡೆಗೆ, ಗಾಳಿಗೆ ತೋರಿಸಿದ್ದ. ಇದೊಂದನ್ನು ಇಟ್ಟುಕೊಳ್ಳೋಣ ಅನ್ನಿಸಿತು. ಹಬ್ಬದ ದಿನ ಮನೆಯವರೆಲ್ಲ ಬರಲೆಂದು ಹೋಳಿಗೆ ಮುಚ್ಚಿಡುತ್ತಿದ್ದಳಲ್ಲ ಸಂಗವ್ವ, ಹಾಗೆ. ಬೆನ್ನು ತಿರುಗಿಸಿ ಇಳಿದುಬಿಟ್ಟ. ಬುಕ್ಕಿನಲ್ಲಿ "ಏಳು" ಎಂದು ಬರೆದು ಮುಂದೆ ಜಾಗ ಬಿಟ್ಟ.

ನಡಿಗೆಗೆ ಎಂಟು ದಿನವಿದ್ದಾಗ, ಭಾನುವಾರ ಬೆಳಿಗ್ಗೆ, ವಾಣಿಶ್ರೀಯ ಮಹಡಿ ಮೇಲಿನ ಕಚೇರಿಯಲ್ಲಿ ಕೊನೆಯ ಮೀಟಿಂಗು. ಹೆಸರು ಕರೆಯುವ ತಾಲೀಮೂ ಅಂದೇ. ಶಂಭುಲಿಂಗ ಬೂಟು ಹಾಕಿಕೊಂಡು ಹೋಗಿ, ಬಾಗಿಲ ಬಳಿ ಬಿಚ್ಚಿಟ್ಟು, ಮಿಲಿಂದನ ಪಕ್ಕ ಕೂತ. ವಾಣಿಶ್ರೀ ವಿಮೆಗಾಗಿ ಎಲ್ಲರ ಆಧಾರ್ ಪ್ರತಿ ಜೋಡಿಸುತ್ತಿದ್ದಳು. ಹನ್ನೊಂದನೇ ಜೋಡಿಗೆ ಬಂದಾಗ ಅವಳ ಕೈ ನಿಂತಿತು.

"ಕಾಕಾ, ಫಾರ್ಮಿನ್ಯಾಗ ಐವತ್ತೊಂಬತ್ತ ಬರದೀರಿ. ಇದರಾಗ ಜೂನಿಗೇ ಅರವತ್ತ ತುಂಬೇತಲ್ರಿ?"

"ಅದು ಮಾಸ್ತರ ಬರದದ್ದವಾ. ಖರೇ ಅಂದ್ರ ನಾ ಬನ್ನಿ ಹಬ್ಬದ ಮರುದಿನ ಹುಟ್ಟೀನಿ, ಮುಂದಿನ ವರ್ಷದಾಗ."

"ಅಯ್ಯ, ನಮ್ಮಪ್ಪಂದೂ ಜೂನ್ ಒಂದ ರೀ. ನನಗ ತಿಳೀತದ. ವಿಮಾದವ್ರ ಕಂಪ್ಯೂಟರಿಗೆ ತಿಳಿಯಂಗಿಲ್ಲ. ಅರವತ್ತ ತುಂಬಿದವ್ರ ಹೆಸರ ಹಾಕಿದ್ರ ಇಡೀ ಗುಂಪಿಂದು ವಾಪಸ್ ಒಗೀತದ. ವಿಮಾ ಇಲ್ಲದವ್ರನ್ನ ಕರಕೊಂಡ ಹೋಗಂಗಿಲ್ಲಂತ ನಾನ ನಿಯಮ ಬರದೀನಿ."

"ಮಾಸ್ತರು ಕೈ ನೋಡಿ ಬರದಾರವಾ, ವಯಸ್ಸ ನೋಡಿ ಅಲ್ಲ," ಎಂದು ಶಂಭುಲಿಂಗ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿಯ ಹಾಲೆ ಹಿಡಿದು ತೋರಿಸಿದ. "ನೋಡು. ಉದ್ದ ಅದಾವ."

ಕೋಣೆಯಲ್ಲಿ ಯಾರೋ ನಕ್ಕರು, ಆಮೇಲೆ ನಗಬಾರದಿತ್ತು ಎಂದು ಕೆಮ್ಮಿದರು. ಶಂಭುಲಿಂಗ ತುಸು ಹೊತ್ತು ಹಾಗೇ ಕಿವಿ ಹಿಡಿದುಕೊಂಡು ಕೂತಿದ್ದ. ಐವತ್ನಾಲ್ಕು ವರ್ಷದ ಹಿಂದೆ ಇದೇ ಕೈ ಅವನನ್ನು ಒಳಗೆ ಸೇರಿಸಿತ್ತು.

"ಮಿಲಿಂದನ್ನ ಹತ್ತನೇ ಜೋಡಿಗೆ ಸೇರಸ್ತೇನಿ, ಅಲ್ಲಿ ಮೂವರು ನಡೀತದ," ಎಂದು ವಾಣಿಶ್ರೀ ಮೆಲ್ಲಗೆ ಹೇಳಿ, ಪಟ್ಟಿಯ ಕೊನೆಯ ಸಾಲಿಗೆ ಗೀಟು ಎಳೆದಳು. "ನೀವು ಒಬ್ರ ಯಾವಾಗ ಬೇಕಾದ್ರೂ ಹೋಗಬಹುದಲ್ರಿ ಕಾಕಾ. ಅದಕ್ಕೇನೂ ವಯಸ್ಸಿನ ಮಿತಿ ಇಲ್ಲ."

"ಹೌದವಾ," ಎಂದ ಶಂಭುಲಿಂಗ. "ಅದಕ್ಕ ಮಿತಿ ಇಲ್ಲ."

ಎದ್ದು ನೋಟುಬುಕ್ಕನ್ನು ಮಿಲಿಂದನ ಕೈಗಿಟ್ಟ. ಗಾಜು ಒರೆಸುವ ಒಂದು ಹೊಸ ಬಟ್ಟೆಯನ್ನೂ ಇಟ್ಟ. ಹುಡುಗ ಹಾಳೆ ತಿರುವಿದ. ತನ್ನ ಹೆಸರು ಪುಟಪುಟದಲ್ಲೂ ಕಂಡು ಅವನ ಮುಖ ಕೆಂಪಾಯಿತು.

"ಕಾಕಾ, ಏಳನೇದರ ಮುಂದ ಖಾಲಿ ಐತಲ್ರಿ?"

"ಅದನ್ನ ನಾ ನೋಡಿಲ್ಲೋ."

"ಹತ್ತ ಸಲ ನೋಡೇನಿ ಅಂದಿದ್ರಿ?"

"ಮೂರನೇದ್ರಾಗ ಆರ ಎಣಸು, ಮರೀಬ್ಯಾಡ," ಎಂದು ಶಂಭುಲಿಂಗ ಬಾಗಿಲ ಕಡೆ ನಡೆದ.

ಹೊರಗೆ ಮೆಟ್ಟಿಲ ಮೇಲೆ ಕೂತು ಬೂಟು ಎಳೆದುಕೊಂಡ. ಹೊಸ ಬೂಟಿನ ದಾರ ಉದ್ದ. ಕಟ್ಟಲು ಹೊತ್ತು ಹಿಡಿಯುತ್ತದೆ. ಒಳಗೆ ತಾಲೀಮು ಶುರುವಾಯಿತು. ಮೊದಲನೇ ಜೋಡಿ ಕರೆಯಿತು, "ಓ" ಬಂತು. ನಾಲ್ಕನೆಯದು, ಏಳನೆಯದು. ಒಬ್ಬಾಕೆ ಹಾಡಿನಂತೆ "ಓ" ಎಂದಳು, ಎಲ್ಲರೂ ನಕ್ಕರು. ಹತ್ತನೇ ಜೋಡಿಯಲ್ಲಿ ಮೂರು ಹೆಸರು, ಮೂರು "ಓ". ಮೂರನೆಯದು ಮಿಲಿಂದನದು, ಸಣ್ಣಗೆ.

ಒಂದು ದಾರ ಕಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದಿದ್ದ ಶಂಭುಲಿಂಗನ ಬಾಯಿ ತನ್ನಷ್ಟಕ್ಕೆ ದುಂಡಗಾಯಿತು.

ಹತ್ತನೇ ಜೋಡಿಗೇ ಪಟ್ಟಿ ಮುಗಿಯಿತು. ಒಳಗೆ ಕುರ್ಚಿಗಳು ಸರಿದ ಸದ್ದು ಕೇಳಿತು.