ಉಗುಳಿದ ಬೆಣ್ಣೆ

ಸೋಮವಾರ ಅಕ್ಕನ ಊಟದಂಗಡಿಯ ಬಾಗಿಲು ತೆಗೆಯಬೇಕು. ಶುಕ್ರವಾರವಾದರೂ ಬೆಣ್ಣೆ ಸಿಕ್ಕಿರಲಿಲ್ಲ. ಹತ್ತೊಂಬತ್ತು ವರ್ಷ ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು, ಆ ಕೆಲಸ ಬಿಟ್ಟು ಅವಳು ತೆರೆಯುತ್ತಿರುವ ಅಂಗಡಿ. ಅಲ್ಲಿ ಸಿಗುವುದು ಬಿಸಿ ಬ್ರೆಡ್ಡು, ಬೆಣ್ಣೆ, ತರಕಾರಿ ಸೂಪು, ಅಷ್ಟೇ. ಪೇಟೆಯ ಬೆಣ್ಣೆ ಮೇಣದಬತ್ತಿಯ ಹಾಗಿದೆ, ಅದನ್ನು ಬಡಿಸುವುದಾದರೆ ಬಾಗಿಲೇ ತೆಗೆಯುವುದಿಲ್ಲ ಎಂದು ಹಟ ಹಿಡಿದಳು. ಅವಳ ಹಟ ನಮ್ಮಪ್ಪನಿಗೇ ಬಗ್ಗಿದ್ದಲ್ಲ.

ಶನಿವಾರ ಬೆಳಿಗ್ಗೆ ಭಾವನ ಹಳೇ ವ್ಯಾನಿನಲ್ಲಿ ನಾವಿಬ್ಬರೂ ಹಳ್ಳಿಗಳ ಕಡೆ ಹೊರಟೆವು. ನನ್ನನ್ನು ಕರೆದೊಯ್ದದ್ದು ಪ್ರೀತಿಯಿಂದಲ್ಲ, ನನ್ನ ನಾಲಿಗೆಗಾಗಿ. ನಾನು ಸಾಸ್ ಕಾರ್ಖಾನೆಯಲ್ಲಿ ರುಚಿ ನೋಡುವವಳು. ದಿನಕ್ಕೆ ಇನ್ನೂರು ಚಮಚ ಬಾಯಿಗೆ ಹಾಕಿ, ತಪ್ಪು ಹುಡುಕಿ, ಪಕ್ಕದ ಡಬ್ಬಕ್ಕೆ ಉಗುಳುವುದು ನನ್ನ ಕೆಲಸ. ಎಲ್ಲ ನುಂಗುತ್ತಾ ಕೂತರೆ ಮಧ್ಯಾಹ್ನದೊಳಗೆ ಆಸ್ಪತ್ರೆ ಸೇರಬೇಕಾದೀತು.

ದಾರಿಯುದ್ದಕ್ಕೂ ಮರಗಳು ಹಳದಿಗೆ ತಿರುಗಿ ಎಲೆ ಉದುರಿಸುತ್ತಿದ್ದವು. ಹೊಲದಂಚಿನಲ್ಲಿ ಕುಂಬಳಕಾಯಿ ರಾಶಿ ಹಾಕಿದ್ದರು. ರಸ್ತೆ ಬದಿಯ ಮೂರು ಅಂಗಡಿಗಳಲ್ಲಿ ಬೆಣ್ಣೆ ನೋಡಿದೆ. ಒಂದು ಹುಳಿ, ಒಂದು ಬರೀ ಉಪ್ಪು, ಮೂರನೆಯದಕ್ಕೆ ಎಣ್ಣೆ ಬೆರೆಸಿದ್ದರು. ಅಕ್ಕ ಮಾತು ನಿಲ್ಲಿಸಿದಳು. ಅವಳು ಮಾತು ನಿಲ್ಲಿಸಿದರೆ ನನಗೆ ಭಯ.

ನಾಲ್ಕನೆಯದು ಅಂಗಡಿಯಲ್ಲ, ಮನೆ. ಐದು ಹಸು ಸಾಕಿದ್ದ ಅಜ್ಜಿ, ಕೊಡುವುದು ಬಿಡುವುದು ತಮ್ಮ ಮರ್ಜಿ ಎಂದು ಮೊದಲೇ ಹೇಳಿ, ಅಡುಗೆಮನೆಯ ಮೇಜಿನ ಮುಂದೆ ಕೂರಿಸಿದರು. ಆಗಷ್ಟೇ ಸುಟ್ಟ ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ ಸವರಿ ಕೊಟ್ಟರು. ನಾನು ಬಾಯಿಗಿಟ್ಟೆ, ನಾಲಿಗೆಯ ಮೇಲೆ ಹೊರಳಿಸಿದೆ, ಎದ್ದು ಹೋಗಿ ಕಿಟಕಿಯಿಂದ ಹೊರಗೆ ಉಗುಳಿದೆ.

ಹನ್ನೊಂದು ವರ್ಷದ ಅಭ್ಯಾಸ. ಉಗುಳಿದ ಮೇಲೆಯೇ ಎಲ್ಲಿದ್ದೇನೆಂದು ಹೊಳೆದದ್ದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ; ನಮ್ಮದು ಬಾಯಿಗೂ ಬಂದು ಹೋಯಿತು. ಅಜ್ಜಿ ತಟ್ಟೆ ಎತ್ತಿಕೊಂಡರು. ಅಕ್ಕನ ಕಣ್ಣಲ್ಲಿ ನೀರು. ನಾಚಿಕೆಯಿಂದ ಕುಗ್ಗಿಹೋಗಿ ನನ್ನ ಕೆಲಸದ ಕಥೆಯನ್ನೆಲ್ಲ ಒಂದೇ ಉಸಿರಿಗೆ ಒದರಿದೆ. ಅಜ್ಜಿ ನಂಬಲಿಲ್ಲ. ಹಾಗಿದ್ದರೆ ಈ ಬೆಣ್ಣೆಯಲ್ಲಿ ಕಂಡದ್ದೇನು ಹೇಳು ಎಂದರು.

ನಿನ್ನೆ ಸಂಜೆ ಕಡೆದದ್ದು, ಮಜ್ಜಿಗೆ ಪೂರ್ತಿ ಹೋಗಲು ಇನ್ನೊಂದು ನೀರಿನಲ್ಲಿ ತೊಳೆಯಬೇಕಿತ್ತು, ಹಸುಗಳು ಉದುರಿದ ಸೇಬು ತಿಂದಿವೆ ಎಂದೆ. ಸೊಂಟ ನೋವೆಂದು ಒಂದು ನೀರು ಕಡಿಮೆ ಮಾಡಿದ್ದು ನಿಜವಂತೆ. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದರು.

"ತಪ್ಪೆಲ್ಲ ಹೇಳಿದೆ. ಚೆನ್ನಾಗಿದ್ಯಾ ಇಲ್ವಾ, ಅದನ್ನ ಹೇಳು."

ನನಗೆ ಗೊತ್ತಿರಲಿಲ್ಲ. ಕಾರ್ಖಾನೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಗೊತ್ತಿಲ್ಲವೆಂದೇ ಒಪ್ಪಿಕೊಂಡೆ.

"ನುಂಗದೆ ಹೇಗಮ್ಮ ಗೊತ್ತಾಗುತ್ತೆ?" ಎಂದು ಅಜ್ಜಿ ತಟ್ಟೆಯನ್ನು ಮತ್ತೆ ಮುಂದಿಟ್ಟರು.

ತಿಂದೆ. ಗಂಟಲಲ್ಲಿ ಬೆಚ್ಚಗೆ ಇಳಿಯಿತು. ಹೊಟ್ಟೆ ಸೇರಿದ ಮೇಲೆ ಹಸಿವಾಯಿತು. ಮನೆಯಲ್ಲೂ ಊಟವನ್ನು ಔಷಧಿಯಂತೆ ಮುಗಿಸುತ್ತಿದ್ದ ನನಗೆ ಎಷ್ಟೋ ವರ್ಷದ ಮೇಲೆ ಹಸಿವಾಗಿತ್ತು, ಅಳು ಬರುವಷ್ಟು ಸಂತೋಷವಾಯಿತು. ಹೇಳಬೇಕಾದ ಮಾತು ಬಿಟ್ಟು ಇನ್ನೊಂದು ಚೂರು ಕೇಳಿದೆ. ಆಮೇಲೆ ಮತ್ತೊಂದು. ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ನಾನು ಕಾಲು ಮಡಚಿಕೊಂಡು ನಾಲ್ಕನೆಯದಕ್ಕೆ ಕೈ ಚಾಚಿದೆ.

ಅಜ್ಜಿ ತಟ್ಟೆಯನ್ನು ಅಕ್ಕನ ಕಡೆ ಸರಿಸಿದರು.

"ಸೋಮವಾರಕ್ಕೆ ಎಷ್ಟು ಬೇಕು ಹೇಳು ಮಗಳೇ. ಮೊದಲು ನೀನೂ ಒಂದು ತಿನ್ನು. ಇವಳು ಉಳಿಸೋ ಹಾಗೆ ಕಾಣಲ್ಲ."