ಹೆಸರಿನ ಕೊನೆಯ ಖಾಲಿ ಮನೆ

ನಮ್ಮ ಕಂಪನಿ ಮಾಡುವುದು ಪುಟ್ಟ ಪರದೆಯ ಬಾಗಿಲ ಬೀಗ. ಪರದೆಯ ಮೇಲೆ ಮಾಲೀಕರ ಹೆಸರು ಕಾಣುತ್ತದೆ. ರಹಸ್ಯ ಪದ ಒತ್ತಿದರೆ ಬಾಗಿಲು ತೆರೆಯುತ್ತದೆ. ಅದನ್ನು ಪರೀಕ್ಷಿಸಿ ತಪ್ಪು ಹುಡುಕುವುದು ನನ್ನ ಕೆಲಸ. ತಪ್ಪು ಸಿಕ್ಕಿತೆಂದು ಹೇಳಿ ಬೈಸಿಕೊಳ್ಳುವುದೂ ನನ್ನ ಕೆಲಸವೇ.

ಈ ಸಲ ಸಿಕ್ಕಿದ್ದು ಸಣ್ಣದಲ್ಲ. ಬೀಗವನ್ನು ನಡೆಸುವ ಸಾಫ್ಟ್‌ವೇರ್ ಕೋಡಿನಲ್ಲಿ ಹೆಸರಿಗೆಂದು, ಅಕ್ಷರಕ್ಕೊಂದು ಮನೆಯಂತೆ, ಅಳೆದಿಟ್ಟ ಜಾಗವಿದೆ. ಅದರ ಕೊನೆಯ ಮನೆ ಖಾಲಿ ಇರಬೇಕು. ಅದನ್ನು ಕಂಡಾಗಲೇ ಪರದೆಗೆ ಹೆಸರು ಮುಗಿಯಿತೆಂದು ತಿಳಿಯುವುದು. ನಮ್ಮವರು ಉದ್ದ ಹೆಸರನ್ನು ಜಾಗಕ್ಕೆ ಸರಿಯಾಗಿ ಕತ್ತರಿಸಿ ತುಂಬುವಾಗ ಆ ಖಾಲಿ ಮನೆಯನ್ನೂ ನುಂಗಿಬಿಟ್ಟಿದ್ದರು. ಪರದೆ ನಿಲ್ಲದೆ ಪಕ್ಕದ ಜಾಗವನ್ನೂ ಓದುತ್ತಿತ್ತು. ಪಕ್ಕದಲ್ಲಿದ್ದದ್ದು ರಹಸ್ಯ ಪದ!

"ಅಷ್ಟುದ್ದ ಹೆಸರು ಯಾರಿಗಮ್ಮ ಇರುತ್ತೆ? ಸಂಜೆಯೊಳಗೆ ಒಪ್ಪಿಗೆ ಕೊಡು, ಇಲ್ಲಾಂದ್ರೆ ನಾಳೆಯಿಂದ ಬರಬೇಡ" ಎಂದರು ಮ್ಯಾನೇಜರು. ಅವರು ನಮ್ಮ ಯಜಮಾನತಿಯ ಅಳಿಯ. ನನಗೆ ಮೈಯೆಲ್ಲ ಉರಿಯಿತು. ಕೆಲಸ ಬಿಡುವ ಸ್ಥಿತಿ ನನ್ನದಲ್ಲ. ಕಂಡವರ ಮನೆಬಾಗಿಲು ಕಳ್ಳರಿಗೆ ತೆರೆದಿಡಲು ಮನಸ್ಸೂ ಇಲ್ಲ.

ಮಧ್ಯಾಹ್ನ ಯಜಮಾನತಿ ಹೊಸ ಬೀಗ ನೋಡಲು ಬಂದರು.

"ರಹಸ್ಯ ಪದ ನಾನೇ ಇಟ್ಟಿದೀನಿ ಅತ್ತೆ. ಬ್ರಹ್ಮ ಬಂದ್ರೂ ಗೊತ್ತಾಗಲ್ಲ" ಎಂದು ಅಳಿಯಂದಿರು ಬೀಗಿದರು.

ನಾನು ಅವರನ್ನು ಮೆಲ್ಲಗೆ ಅಟ್ಟಕ್ಕೇರಿಸಿದೆ. "ಸರ್, ಬೀಗದ ಮೇಲೆ ನಿಮ್ಮ ಹೆಸರೇ ಇದ್ರೆ ಚೆಂದ. ಹುದ್ದೆ, ಪದವಿ ಎಲ್ಲಾ ಸಮೇತ."

ಬೇಡವೆನ್ನುವ ಜಾಯಮಾನವೇ ಅವರದಲ್ಲ. ಒಂದೊಂದೇ ಅಕ್ಷರ ಒತ್ತಿ, ಕಾಲರ್ ಸರಿಮಾಡಿಕೊಂಡು ಪಕ್ಕಕ್ಕೆ ನಿಂತರು. ಪರದೆಯಲ್ಲಿ ಹೆಸರು ಬಂತು, ಹುದ್ದೆ ಅರ್ಧ ಬಂತು, ಅದಕ್ಕಂಟಿಕೊಂಡೇ "ಅತ್ತೆಕಿರಿಕಿರಿ" ಎಂದೂ ಬಂತು.

ಅಲ್ಲಿ ಇಂಥದ್ದಿರುತ್ತದೆಂದು ನನಗೂ ಗೊತ್ತಿರಲಿಲ್ಲ, ನನ್ನಾಣೆ. ನಗು ತಡೆಯಲು ತುಟಿ ಕಚ್ಚಿಕೊಂಡೆ.

ಯಜಮಾನತಿ ಕನ್ನಡಕ ಏರಿಸಿ ಇನ್ನೊಮ್ಮೆ ಓದಿದರು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಅಳಿಯಂದ್ರಿಗೆ ಯಾವ ಕಾಲಾನೂ ಹೇಳಿಲ್ಲ, ನೋಡಿ" ಎಂದು ಅಳಿಯನಿಗೆ ಹೇಳಿ ನನ್ನತ್ತ ತಿರುಗಿದರು. "ಇದನ್ನ ಸರಿಮಾಡೋಕೆ ಏನು ಬೇಕು?"

"ಕೊನೇಲಿ ಒಂದು ಮನೆ ಖಾಲಿ ಬಿಟ್ರೆ ಸಾಕು, ಮೇಡಂ."

"ಬಿಡ್ಸು. ನೀನು ಸರಿ ಅನ್ನೋವರೆಗೂ ಒಂದು ಬೀಗಾನೂ ಹೊರಗೆ ಹೋಗಬಾರದು."

ಸರಿಮಾಡಿದ ಮೊದಲ ಬೀಗ ಈಗ ನಮ್ಮ ಕಚೇರಿಯ ಬಾಗಿಲಲ್ಲೇ ಇದೆ. ಅದರ ರಹಸ್ಯ ಪದವನ್ನು ಯಜಮಾನತಿಯೇ ಆರಿಸಿದರು. ಮ್ಯಾನೇಜರು ದಿನಾ ಬೆಳಿಗ್ಗೆ ಹಲ್ಲು ಕಚ್ಚಿಕೊಂಡು "ಅತ್ತೆಯೇ ದೇವರು" ಎಂದು ಒತ್ತುತ್ತಾರೆ. ಒಂದಕ್ಷರ ಕಮ್ಮಿಯಾದರೂ ಬಾಗಿಲು ತೆರೆಯುವುದಿಲ್ಲ. ಅದನ್ನು ನಾನೇ ಖುದ್ದಾಗಿ ಪರೀಕ್ಷಿಸಿದ್ದೇನೆ.