ಮೈನಸ್ ಮೂರನ್ನು ಬಿಟ್ಟದ್ದು

ಉಜಿರೆಯ ಆ ಕಾಲೇಜಿನಲ್ಲಿ ಗಣಿತಕ್ಕೆ ಇಂಗ್ಲಿಷ್ ಮಾತ್ರ. ತಪ್ಪಿದರೆ ಗುತ್ತಿಗೆ ಉಪನ್ಯಾಸಕಿ ವಿಸ್ಮಿತಾಳ ಕೆಲಸ ಹೋಗುತ್ತದೆ. ಈ ಹೊತ್ತು ಪ್ರಾಂಶುಪಾಲರೇ ಹಿಂದಿನ ಬೆಂಚಿನಲ್ಲಿ ಕೂತಿದ್ದರು.

ನೆರಿಯದ ಕನ್ನಡ ಶಾಲೆಯಿಂದ ಬಂದ ಸಾತ್ವಿಕಾ, x ವರ್ಗದ ವಿಲೋಮ, ಅಂದರೆ ವರ್ಗದಿಂದ x ಗೆ ಹಿಂದಿರುಗುವ ಸೂತ್ರ, ಬರೆಯಲು ಹೋಗಿ ಬೋರ್ಡಿನೆದುರು ನಿಂತುಬಿಟ್ಟಿದ್ದಳು. ಒಂಬತ್ತರಿಂದ ಹಿಂದಕ್ಕೆ ಹೊರಟರೆ ಮೂರೂ ಸಿಗುತ್ತದೆ, ಮೈನಸ್ ಮೂರೂ ಸಿಗುತ್ತದೆ.

ಹದಿನೈದು ವರ್ಷದ ಹಿಂದೆ ವಿಸ್ಮಿತಾಳೂ ಹೀಗೇ ನಿಂತು, ಬೈಸಿಕೊಂಡು, ಹಾಸ್ಟೆಲಿನ ಮೆಟ್ಟಿಲ ಮೇಲೆ ಅತ್ತಿದ್ದಳು. ಸೀನಿಯರ್ ಕಾಂತಿಯಕ್ಕ ಪಕ್ಕದಲ್ಲಿ ಕೂತು, ಅವಲಕ್ಕಿ ಮೆಲ್ಲುತ್ತ, ಆ ಲೆಕ್ಕವನ್ನು ತುಳುವಿನಲ್ಲಿ ಬಿಡಿಸಿ ಹೇಳಿದ್ದಳು. ಆ ಸ್ವರ ಈಗಲೂ ಕಿವಿಯಲ್ಲಿತ್ತು.

ವಿಸ್ಮಿತಾ ಕನ್ನಡದಲ್ಲೇ ಕೇಳಿದಳು: “ಒಂದೊಂದು ಬಸ್‌ಸ್ಟಾಪಿಗೆ ರಸ್ತೆಯ ಮೇಲ್ಬದಿಗೊಂದು ಮನೆ, ಕೆಳಬದಿಗೊಂದು ಮನೆ ಉಂಟು ಅಂತ ಇಟ್ಟುಕೊಳ್ಳುವ. ಸ್ಟಾಪ್ ನೋಡಿ ಹತ್ತಿದವರ ಮನೆ ಯಾವುದಂತ ಹೇಳ್ಲಿಕ್ಕಾಗ್ತದಾ?”

“ಇಲ್ಲ ಮೇಡಂ. ಮೇಲಿನ ಮನೆಯವರನ್ನು ಮಾತ್ರ ತೆಗೊಂಡ್ರೆ ಆಗ್ತದೆ.”

ಸಾತ್ವಿಕಾ ಬೋರ್ಡಿಗೆ ತಿರುಗಿದಳು. ಮೈನಸ್ ಮೂರಿನಂಥವನ್ನೆಲ್ಲ ಬಿಟ್ಟು, x ಸೊನ್ನೆ ಅಥವಾ ಅದಕ್ಕಿಂತ ಹೆಚ್ಚು ಎಂದು ಬರೆದು, ಕೆಳಗೆ ವರ್ಗಮೂಲ ಹಾಕಿದಳು.

“ಇಂಗ್ಲಿಷ್ ಪ್ಲೀಸ್,” ಎಂದರು ಪ್ರಾಂಶುಪಾಲರು.

“ಅವಳಿಗೆ ಅರ್ಥ ಆಯ್ತಲ್ಲ ಸರ್. ಇಂಗ್ಲಿಷಿನಲ್ಲಿ ಆಮೇಲೆ ಹೇಳ್ತೇನೆ,” ಎಂದ ವಿಸ್ಮಿತಾ ಮುಂದಿನ ಲೆಕ್ಕವನ್ನೂ ಕನ್ನಡದಲ್ಲೇ ಶುರುಮಾಡಿದಳು.